ನೆಟ್‌ವರ್ಕ್ ನಿಯಂತ್ರಣ ವೇದಿಕೆಯ ಮುಂದಿನ ದಾರಿ: ಯೋಜನೆ ಎಲ್ಲಿಂದ ಆರಂಭವಾಗಬೇಕು

(ತುಮಕೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹತ್ತಾರು ಕಂಪನಿಗಳು, ವಿಶ್ವವಿದ್ಯಾಲಯಗಳು ಮತ್ತು ಬಿಡಿ ಎಂಜಿನಿಯರುಗಳು ಕೂಡಿ ಬರೆಯುವ, ಯಾವ ಒಂದು ಕಂಪನಿಯ ಹಿಡಿತಕ್ಕೂ ಒಳಪಡದ ನೆಟ್‌ವರ್ಕ್ ನಿಯಂತ್ರಣ ತಂತ್ರಾಂಶದ ಮುಂದಿನ ಬೆಳವಣಿಗೆಯನ್ನು ಯೋಜಿಸುವುದು ಹೇಗೆ ಎಂಬುದು ಇವತ್ತು ನನಗೆ ಕೊಟ್ಟಿರುವ ವಿಷಯ. ಇಂಥ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಮುಂದಿನ ಆವೃತ್ತಿಯಲ್ಲಿ ಏನೇನು ಹೊಸದಾಗಿ ಬರಲಿದೆ ಎಂಬ ಪಟ್ಟಿಯನ್ನು ತೋರಿಸುತ್ತಾರೆ. ನಾನು ಆ ಪಟ್ಟಿಯನ್ನು ಕೊನೆಯವರೆಗೂ ಕೈಗೆತ್ತಿಕೊಳ್ಳುವುದಿಲ್ಲ. ಓಪನ್‌ಡೇಲೈಟ್ ಮತ್ತು ಓನಾಸ್ ಎಂಬ ಎರಡು ವೇದಿಕೆಗಳು ಹತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ತೆಗೆದುಕೊಂಡ ತೀರ್ಮಾನಗಳನ್ನೂ, ಆ ತೀರ್ಮಾನಗಳಿಗೆ ತೆತ್ತ ಬೆಲೆಯನ್ನೂ ನಿಮ್ಮ ಮುಂದಿಡುತ್ತೇನೆ. ಯಾವ ಭಾಗವನ್ನು ಯಾರು ಎಷ್ಟು ವರ್ಷ ಹೊರುತ್ತಾರೆ, ಹೊರಗಿನವರಿಗೆ ಕೊಟ್ಟ ಯಾವ ಮಾತನ್ನು ಮುರಿಯಬಾರದು ಎಂಬ ಎರಡು ಪ್ರಶ್ನೆಗಳು ತೀರ್ಮಾನವಾಗುವ ಮೊದಲು ಹೊಸದರ ಪಟ್ಟಿಯನ್ನು ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತ ಹೋಗುತ್ತೇನೆ.

ನಿಯಂತ್ರಣ ಎಂದರೇನು ಎಂಬುದನ್ನು ವಿವರಿಸಲು ಈ ಸೀಮೆಯಲ್ಲಿ ದೂರದ ಉದಾಹರಣೆ ಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕೆರೆಗಳ ಅಚ್ಚುಕಟ್ಟಿನಲ್ಲಿ ನೀರಗಂಟಿಯ ಕೆಲಸವನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ ಅಥವಾ ಹಿರಿಯರಿಂದ ಕೇಳಿರುತ್ತೀರಿ. ಕೆರೆಯಲ್ಲಿ ಎಷ್ಟು ನೀರಿದೆ, ಯಾರ ಗದ್ದೆ ಯಾವ ಹಂತದಲ್ಲಿದೆ ಎಂಬುದನ್ನು ನೋಡಿ, ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಯಾವ ಕಾಲುವೆಗೆ ಮೊದಲು ಬಿಡಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಕಾಲುವೆಯ ಪಾಲಿಗೆ ಇರುವುದು ನೀರನ್ನು ಒಯ್ಯುವ ಕೆಲಸವೊಂದೇ. ಹಳೆಯ ರೌಟರುಗಳಲ್ಲಿ ಈ ಎರಡೂ ಕೆಲಸಗಳು ಒಂದೇ ಪೆಟ್ಟಿಗೆಯೊಳಗಿದ್ದವು. ಪ್ರತಿಯೊಂದು ರೌಟರ್ ನೆರೆಯ ರೌಟರುಗಳೊಡನೆ ಓಎಸ್‌ಪಿಎಫ್, ಬಿಜಿಪಿ ಮುಂತಾದ ಪ್ರೋಟೊಕಾಲ್‌ಗಳ ಮೂಲಕ ಮಾತಾಡಿ, ತನಗೆ ತಿಳಿದಷ್ಟರ ಮೇಲೆ ತಾನೇ ದಾರಿಯನ್ನು ನಿರ್ಧರಿಸುತ್ತಿತ್ತು. ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್ ಎಂಬ ಪದ್ಧತಿ ಈ ನಿರ್ಧಾರವನ್ನು ಪೆಟ್ಟಿಗೆಯಿಂದ ಹೊರತೆಗೆದು, ಇಡೀ ಜಾಲವನ್ನು ಒಟ್ಟಿಗೆ ನೋಡಬಲ್ಲ ಕಂಟ್ರೋಲರ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿತು. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಏಕೆಂದರೆ ನೀರಗಂಟಿ ಒಬ್ಬನೇ ಇರುತ್ತಾನೆ, ಆದರೆ ಕಂಟ್ರೋಲರ್ ಒಂದೇ ಯಂತ್ರದಲ್ಲಿದ್ದರೆ ಆ ಯಂತ್ರ ಕೆಟ್ಟ ದಿನ ತೀರ್ಮಾನಿಸುವವರೇ ಇಲ್ಲದಂತಾಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕ್ ಮೆಕೋನ್ ಮತ್ತು ಸಂಗಡಿಗರು ಓಪನ್‌ಫ್ಲೋ ಕುರಿತ ಲೇಖನವನ್ನು ಪ್ರಕಟಿಸಿದರು. ದತ್ತಾಂಶವನ್ನು ಮುಂದಕ್ಕೆ ಸಾಗಿಸುವ ಸ್ವಿಚ್‌ಗಳಿಗೆ ಕಂಟ್ರೋಲರ್ ನಿಯಮಗಳನ್ನು ಕೊಡುವ ಪ್ರೋಟೊಕಾಲ್ ಅದು. ವಿಶ್ವವಿದ್ಯಾಲಯದ ಆವರಣದಲ್ಲಿರುವ ನಿಜವಾದ ನೆಟ್‌ವರ್ಕ್‌ನಲ್ಲಿಯೇ ಹೊಸ ಪ್ರೋಟೊಕಾಲ್‌ಗಳನ್ನು ಪರೀಕ್ಷಿಸಲು ಒಂದು ದಾರಿ ಬೇಕು ಎಂಬುದು ಅವರ ಉದ್ದೇಶವಾಗಿತ್ತು. 2013ರಲ್ಲಿ ಗೂಗಲ್ ತನ್ನ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಬಿ4 ಎಂಬ ಜಾಲದ ವಿವರಗಳನ್ನು ಪ್ರಕಟಿಸಿ, ಕೇಂದ್ರೀಕೃತ ನಿಯಂತ್ರಣದಿಂದ ಅನೇಕ ಕೊಂಡಿಗಳನ್ನು ಶೇಕಡಾ ನೂರರ ಹತ್ತಿರದವರೆಗೆ ಬಳಸಲು ಸಾಧ್ಯವಾಯಿತೆಂದು ತಿಳಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿ ಓಪನ್‌ಡೇಲೈಟ್ ಆರಂಭವಾಯಿತು. ಸಿಸ್ಕೊ, ಐಬಿಎಂ, ರೆಡ್ ಹ್ಯಾಟ್, ಎರಿಕ್ಸನ್, ಎನ್‌ಇಸಿಯಂತಹ ಕಂಪನಿಗಳು ಅದರ ಸ್ಥಾಪಕರಲ್ಲಿದ್ದವು. 2014ರ ಫೆಬ್ರವರಿಯಲ್ಲಿ ಬಂದ ಮೊದಲ ಆವೃತ್ತಿಗೆ ಹೈಡ್ರೋಜನ್ ಎಂದು ಹೆಸರಿಟ್ಟರು. ಅಲ್ಲಿಂದ ಹೀಲಿಯಂ, ಲೀಥಿಯಂ, ಬೆರಿಲಿಯಂ ಎಂದು ಆವರ್ತ ಕೋಷ್ಟಕದ ಕ್ರಮದಲ್ಲಿ ಹೆಸರುಗಳು ಮುಂದುವರಿದಿವೆ. 2014ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಕಂಪನಿಗಳ ಅಗತ್ಯವನ್ನು ಮುಂದಿಟ್ಟುಕೊಂಡು ಓನಾಸ್ ಹೊರಬಂತು. ಅದರ ಆವೃತ್ತಿಗಳಿಗೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಹಕ್ಕಿಗಳ ಹೆಸರು.

ಓಪನ್‌ಡೇಲೈಟ್‌ನ ಆರಂಭದ ವರ್ಷಗಳಲ್ಲಿ ತೆಗೆದುಕೊಂಡ ಒಂದು ತೀರ್ಮಾನವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕಂಟ್ರೋಲರ್‌ನ ಕೆಳಗಡೆ ಬಗೆಬಗೆಯ ಉಪಕರಣಗಳಿರುತ್ತವೆ, ಮೇಲ್ಗಡೆ ಅವುಗಳನ್ನು ಬಳಸುವ ಅನ್ವಯಗಳಿರುತ್ತವೆ. ಇವೆರಡರ ನಡುವೆ ಎಲ್ಲ ಉಪಕರಣಗಳನ್ನೂ ಒಂದೇ ರೀತಿ ಕಾಣುವಂತೆ ಮಾಡುವ ಒಂದು ಪದರ ಬೇಕು. ಈ ಪದರವನ್ನು ಕಟ್ಟಲು ಎರಡು ಬಗೆಗಳಿದ್ದವು. ಮೊದಲನೆಯದಾದ ಎಡಿ-ಸ್ಯಾಲ್‌ನಲ್ಲಿ ಪ್ರತಿಯೊಂದು ಸೇವೆಗೂ ಎಂಜಿನಿಯರ್ ಕೈಯಿಂದ ಜಾವಾ ಇಂಟರ್‌ಫೇಸ್ ಬರೆಯಬೇಕಾಗಿತ್ತು. ಹೊಸ ಬಗೆಯ ಉಪಕರಣ ಬಂದರೆ ಇಂಟರ್‌ಫೇಸ್ ಬದಲಾಗಬೇಕು, ಅದು ಬದಲಾದರೆ ಅದನ್ನು ನಂಬಿದ ಅನ್ವಯಗಳೂ ಬದಲಾಗಬೇಕು. ಎರಡನೆಯದಾದ ಎಂಡಿ-ಸ್ಯಾಲ್‌ನಲ್ಲಿ ಯಾಂಗ್ ಎಂಬ ಮಾದರಿ ಭಾಷೆಯಲ್ಲಿ ಉಪಕರಣದ ಸ್ವರೂಪವನ್ನು ಬರೆದಿಟ್ಟರೆ, ಅದರಿಂದ ಜಾವಾ ಕೋಡ್ ತಾನಾಗಿ ಸಿದ್ಧವಾಗುತ್ತದೆ, ಹೊರಗಿನವರು ಬಳಸುವ ರೆಸ್ಟ್‌ಕಾನ್ಫ್ ಸಂಪರ್ಕವೂ ತಾನಾಗಿ ದೊರೆಯುತ್ತದೆ. ಎರಡನೆಯದು ಉತ್ತಮ ಎಂಬುದು ಸಮುದಾಯಕ್ಕೆ ಬೇಗನೆ ಮನವರಿಕೆಯಾಯಿತು. ಆದರೂ ಹೀಲಿಯಂ ಆವೃತ್ತಿಯಲ್ಲೂ ಎರಡೂ ಜೊತೆಯಲ್ಲೇ ಇದ್ದವು. ಒಂದರಿಂದ ಇನ್ನೊಂದಕ್ಕೆ ಅನುವು ಮಾಡಿಕೊಡುವ ಕೋಡನ್ನೂ ಬರೆದು ಕಾಪಾಡಬೇಕಾಯಿತು. ಮೊದಲನೆಯದನ್ನು ತೆಗೆದುಹಾಕಿದ್ದು ಅನಂತರದ ಆವೃತ್ತಿಗಳಲ್ಲಿ. ಅಷ್ಟು ಕಾಲ ಒಂದೇ ಕೆಲಸವನ್ನು ಎರಡು ಬಗೆಯಲ್ಲಿ ಮಾಡಲು ತೊಡಗಿದ ಶ್ರಮ ಯಾವ ಬಳಕೆದಾರನಿಗೂ ಹೊಸದೇನನ್ನೂ ಕೊಡಲಿಲ್ಲ.

ಈ ಮಾದರಿ ಆಧಾರಿತ ಪದ್ಧತಿಯ ನಿಜವಾದ ಲಾಭವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ತುಮಕೂರಿನಿಂದ ಸಿರಾ, ಸಿರಾದಿಂದ ಮಧುಗಿರಿ, ಮಧುಗಿರಿಯಿಂದ ಕೊರಟಗೆರೆ, ಅಲ್ಲಿಂದ ಮರಳಿ ತುಮಕೂರು ಹೀಗೆ ಉಂಗುರದಂತೆ ಸುತ್ತುವ ಒಂದು ಫೈಬರ್ ಜಾಲವಿದೆ ಎಂದು ಕಲ್ಪಿಸಿಕೊಳ್ಳಿ. ನಾಲ್ಕೂ ಕಡೆ ಒಂದೊಂದು ಸ್ವಿಚ್ ಇದೆ, ಕಂಟ್ರೋಲರ್ ತುಮಕೂರಿನಲ್ಲಿದೆ. ಕಂಟ್ರೋಲರ್ ತನ್ನೊಳಗೆ ಎರಡು ದತ್ತಾಂಶ ವೃಕ್ಷಗಳನ್ನು ಇಟ್ಟುಕೊಳ್ಳುತ್ತದೆ. ಜಾಲ ಹೇಗಿರಬೇಕೆಂದು ನಾವು ಬಯಸಿದ್ದೇವೆ ಎಂಬುದು ಒಂದರಲ್ಲಿ, ಈ ಕ್ಷಣದಲ್ಲಿ ಜಾಲ ನಿಜವಾಗಿ ಹೇಗಿದೆ ಎಂಬುದು ಇನ್ನೊಂದರಲ್ಲಿ. ರಸ್ತೆ ಅಗೆಯುವ ಜೆಸಿಬಿಯೊಂದು ಸಿರಾ ಮತ್ತು ಮಧುಗಿರಿಯ ನಡುವಿನ ಫೈಬರನ್ನು ಕಡಿದರೆ, ಮೊದಲ ವೃಕ್ಷದಲ್ಲಿ ಮಧುಗಿರಿಯ ಸ್ವಿಚ್‌ನಲ್ಲಿ ಆ ಫೈಬರ್ ಸೇರುವ ಪೋರ್ಟ್ ಚಾಲೂ ಇರಬೇಕೆಂದೇ ಇರುತ್ತದೆ, ಎರಡನೆಯದರಲ್ಲಿ ಅದು ಬಿದ್ದಿದೆ ಎಂದಿರುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರ ದಿನದ ಕೆಲಸವೆಲ್ಲ ಈ ಎರಡರ ನಡುವಿನ ಅಂತರವನ್ನು ಕಂಡುಹಿಡಿಯುವುದು ಮತ್ತು ಮುಚ್ಚುವುದು. ಅದನ್ನು ಒಂದು ತಂತ್ರಾಂಶ ಸ್ಪಷ್ಟವಾಗಿ, ಹೆಸರಿಟ್ಟು, ಪ್ರಶ್ನಿಸಬಹುದಾದ ರೂಪದಲ್ಲಿ ಕೊಟ್ಟಿತಲ್ಲ, ಅದನ್ನು ನಾನು ಈ ವೇದಿಕೆಗಳ ಅತ್ಯಂತ ದೊಡ್ಡ ಕೊಡುಗೆ ಎಂದು ಭಾವಿಸುತ್ತೇನೆ.

ಆದ್ದರಿಂದಲೇ ಯಾಂಗ್ ಮಾದರಿಗಳು ಹೊರಗಿನವರಿಗೆ ಕೊಟ್ಟ ಮಾತು. ಯಾಂಗ್ ಭಾಷೆಯ ಮೊದಲ ನಿರ್ದಿಷ್ಟ ರೂಪ 2010ರಲ್ಲಿ ಆರ್‌ಎಫ್‌ಸಿ ಎಂಬ ಇಂಟರ್ನೆಟ್ ಮಾನಕಗಳ ದಾಖಲೆ ಸರಣಿಯಲ್ಲಿ ಆರ್‌ಎಫ್‌ಸಿ 6020 ಆಗಿ, 1.1ನೇ ರೂಪ 2016ರಲ್ಲಿ ಆರ್‌ಎಫ್‌ಸಿ 7950 ಆಗಿ ಪ್ರಕಟವಾಯಿತು. ಪ್ರಕಟಿಸಿದ ಮಾದರಿಯೊಂದನ್ನು ಮುಂದೆ ಹೇಗೆ ಬದಲಿಸಬಹುದು ಎಂಬ ನಿಯಮಗಳು ಅದರಲ್ಲೇ ಇವೆ: ಕಡ್ಡಾಯವಲ್ಲದ ಹೊಸ ಅಂಶವನ್ನು ಸೇರಿಸಬಹುದು, ಇರುವ ಅಂಶವನ್ನು ತೆಗೆದುಹಾಕುವಂತಿಲ್ಲ, ಅದರ ಅರ್ಥವನ್ನು ಬದಲಿಸುವಂತಿಲ್ಲ, ಬೇಡವಾದದ್ದನ್ನು ಬಳಕೆ ತಗ್ಗಿಸಬೇಕಾದದ್ದು ಅಥವಾ ಬಳಕೆ ತಪ್ಪಿದ್ದು ಎಂದು ಗುರುತಿಸಬಹುದು. ಪ್ರತಿಯೊಂದು ಬದಲಾವಣೆಗೂ ದಿನಾಂಕ ಸಹಿತ ಪರಿಷ್ಕರಣೆಯ ಗುರುತು ಇರಬೇಕು. ವೇದಿಕೆಯ ಭವಿಷ್ಯವನ್ನು ಯೋಜಿಸಲು ಕುಳಿತ ತಾಂತ್ರಿಕ ಸಮಿತಿಯ ಮೇಜಿನ ಮೇಲೆ ಮೊದಲು ಇರಬೇಕಾದ ಕಾಗದ ಇದೇ ಎಂದು ನಾನು ಹೇಳುತ್ತೇನೆ: ಯಾವ ಮಾದರಿಗಳನ್ನು ಹೊರಗಿನವರು ನಂಬಿದ್ದಾರೆ, ಅವುಗಳಲ್ಲಿ ಯಾವುದನ್ನು ಯಾವ ಆವೃತ್ತಿಯಲ್ಲಿ ನಿವೃತ್ತಿಗೊಳಿಸುತ್ತೇವೆ, ಅದಕ್ಕೆ ಎಷ್ಟು ಮುಂಚಿತವಾಗಿ ಹೇಳುತ್ತೇವೆ. ಒಳಗಿನ ಜಾವಾ ಕೋಡ್ ಪೂರ್ತಿ ಬದಲಾದರೂ ಮಧುಗಿರಿಯ ಆ ಪೋರ್ಟಿನ ಸ್ಥಿತಿಯನ್ನು ಕೇಳುವ ವಿಳಾಸ ಬದಲಾಗದಿದ್ದರೆ, ಅದರ ಮೇಲೆ ಕಟ್ಟಿದ ಅನ್ವಯ ಬದುಕಿರುತ್ತದೆ.

ಈಗ ಕಂಟ್ರೋಲರ್ ಕೆಡುವ ವಿಷಯ. ಇದನ್ನು ತಪ್ಪಿಸಲು ಮೂರು ಅಥವಾ ಐದು ಯಂತ್ರಗಳ ಗುಂಪಿನಲ್ಲಿ ಅದನ್ನು ನಡೆಸುತ್ತಾರೆ. ಗುಂಪಿನ ಯಂತ್ರಗಳೆಲ್ಲ ಒಂದೇ ದತ್ತಾಂಶವನ್ನು ಒಪ್ಪಿಕೊಳ್ಳುವಂತೆ ಮಾಡಲು ಎರಡೂ ವೇದಿಕೆಗಳು ರಾಫ್ಟ್ ಎಂಬ ಕ್ರಮವಿಧಿಯನ್ನು ಅವಲಂಬಿಸಿದವು. ರಾಫ್ಟ್‌ನಲ್ಲಿ ಒಂದು ಯಂತ್ರ ನಾಯಕನಾಗಿರುತ್ತದೆ. ಯಾವುದೇ ಬದಲಾವಣೆಯನ್ನು ಅರ್ಧಕ್ಕಿಂತ ಹೆಚ್ಚು ಯಂತ್ರಗಳು ಬರೆದುಕೊಂಡ ಮೇಲಷ್ಟೇ ಅದು ನಡೆದಂತೆ ಲೆಕ್ಕ. ಹೀಗಾಗಿ ಮೂರರ ಗುಂಪು ಒಂದು ಯಂತ್ರದ ನಷ್ಟವನ್ನು, ಐದರ ಗುಂಪು ಎರಡರ ನಷ್ಟವನ್ನು ತಾಳಿಕೊಳ್ಳುತ್ತದೆ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಿ. ನೀವು ತುಮಕೂರಿನಲ್ಲಿ ಎರಡು ಯಂತ್ರಗಳನ್ನೂ ಕೋಲಾರದಲ್ಲಿ ಒಂದನ್ನೂ ಇಟ್ಟರೆ, ಕೋಲಾರದ ಕೇಂದ್ರ ಕೆಟ್ಟಾಗ ತೊಂದರೆಯಿಲ್ಲ. ತುಮಕೂರಿನ ಕೇಂದ್ರದ ವಿದ್ಯುತ್ ಹೋದರೆ ಕೋಲಾರದ ಒಂಟಿ ಯಂತ್ರ ಚೆನ್ನಾಗಿದ್ದರೂ ಬಹುಮತವಿಲ್ಲದ ಕಾರಣ ಯಾವ ಬದಲಾವಣೆಯನ್ನೂ ಒಪ್ಪಿಕೊಳ್ಳಲಾರದು. ಎರಡೇ ಊರುಗಳಲ್ಲಿ ಯಂತ್ರಗಳನ್ನು ಹೇಗೆ ಹಂಚಿದರೂ ಈ ತೊಡಕು ಹೋಗುವುದಿಲ್ಲ; ಚಿಕ್ಕಬಳ್ಳಾಪುರದಂಥ ಮೂರನೆಯ ಊರೊಂದು ಬೇಕು. ದತ್ತಾಂಶ ಕೇಂದ್ರ ಎರಡೇ ಇರುವ ಸಂಸ್ಥೆಗಳು ಬಹಳ ಇವೆ; ಅವು ಕೇಳುವ ಮೊದಲ ಪ್ರಶ್ನೆಯೇ ಇದು. ಎರಡು ಕೇಂದ್ರಗಳ ನಡುವೆ ಕೈಯಿಂದ ಅಧಿಕಾರ ಬದಲಿಸುವ ವಿಧಾನವನ್ನು ಸರಿಯಾಗಿ ಬರೆದು, ಪ್ರತಿ ಆವೃತ್ತಿಯಲ್ಲೂ ಪರೀಕ್ಷಿಸಿ ಕೊಡುವುದು ಹೊಸ ಪ್ರೋಟೊಕಾಲ್ ಒಂದನ್ನು ಸೇರಿಸುವುದಕ್ಕಿಂತ ಹೆಚ್ಚು ಜನರಿಗೆ ಉಪಯೋಗವಾಗುತ್ತದೆ.

ಗುಂಪೆಲ್ಲ ಒಟ್ಟಿಗೆ ಮೌನವಾದರೆ ಸ್ವಿಚ್ ಏನು ಮಾಡಬೇಕು? ಓಪನ್‌ಫ್ಲೋ ಇದಕ್ಕೆ ಎರಡು ಉತ್ತರಗಳನ್ನು ಕೊಟ್ಟಿದೆ. ಮೊದಲನೆಯದರಲ್ಲಿ ಸ್ವಿಚ್ ತನಗೆ ಈಗಾಗಲೇ ಕೊಟ್ಟಿರುವ ನಿಯಮಗಳಂತೆಯೇ ನಡೆಯುತ್ತದೆ, ಹೊಸದೇನನ್ನೂ ತಾನಾಗಿ ತೀರ್ಮಾನಿಸುವುದಿಲ್ಲ. ಎರಡನೆಯದರಲ್ಲಿ ಅದು ಸಾಮಾನ್ಯ ಸ್ವಿಚ್‌ನಂತೆ ಸ್ವತಂತ್ರವಾಗಿ ವರ್ತಿಸತೊಡಗುತ್ತದೆ. ನಾನು ಹೇಳಿದ ಉಂಗುರದಲ್ಲಿ ಎರಡನೆಯದನ್ನು ಆರಿಸಿಕೊಂಡು, ಸುತ್ತುಗಟ್ಟುವುದನ್ನು ತಡೆಯುವ ಬೇರೆ ಏರ್ಪಾಡು ಇಲ್ಲದಿದ್ದರೆ, ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪೊಟ್ಟಣಗಳು ಉಂಗುರದಲ್ಲಿ ಕೊನೆಯಿಲ್ಲದೆ ಸುತ್ತಿ ನಾಲ್ಕೂ ಊರುಗಳ ಸಂಪರ್ಕ ನಿಲ್ಲುತ್ತದೆ. ಮೊದಲನೆಯದನ್ನು ಆರಿಸಿಕೊಂಡರೆ, ಫೈಬರ್ ಕಡಿದಾಗ ಬದಲಿ ದಾರಿಯ ನಿಯಮ ಮೊದಲೇ ಸ್ವಿಚ್‌ನಲ್ಲಿ ಕುಳಿತಿರಬೇಕು. ಅದಕ್ಕೆ ಓಪನ್‌ಫ್ಲೋದಲ್ಲಿ ಫಾಸ್ಟ್ ಫೇಲ್‌ಓವರ್ ಗುಂಪು ಎಂಬ ಏರ್ಪಾಡಿದೆ: ಒಂದು ಪೋರ್ಟ್ ಬಿದ್ದೊಡನೆ ಕಂಟ್ರೋಲರನ್ನು ಕೇಳದೆಯೇ ಸ್ವಿಚ್ ಮುಂದಿನ ಪೋರ್ಟಿಗೆ ಹೊರಳುತ್ತದೆ. ಯಾವ ತೀರ್ಮಾನ ಕೇಂದ್ರದಲ್ಲಿರಬೇಕು, ಯಾವುದು ಸ್ವಿಚ್‌ನಲ್ಲೇ ಉಳಿಯಬೇಕು ಎಂಬ ಗೆರೆಯನ್ನು ಹೀಗೆ ವಿವೇಚನೆಯಿಂದ ಎಳೆಯಬೇಕು. ಎಲ್ಲವನ್ನೂ ಮೇಲಕ್ಕೆ ಎಳೆದುಕೊಳ್ಳುವ ಹಂಬಲ 2008ರ ನಂತರದ ಮೊದಲ ವರ್ಷಗಳಲ್ಲಿ ಬಹಳವಿತ್ತು, ಅದು ಕಡಿಮೆಯಾದದ್ದು ಒಳ್ಳೆಯದಾಯಿತು.

ಇನ್ನು ಜನರ ಲೆಕ್ಕ. ಓಪನ್‌ಡೇಲೈಟ್ ಒಂದು ಛತ್ರಿಯಂಥ ಸಂಘಟನೆ. ಅದರಡಿಯಲ್ಲಿ ಪ್ರತ್ಯೇಕ ಯೋಜನೆಗಳಿದ್ದು, ಪ್ರತಿಯೊಂದಕ್ಕೂ ಅದರ ಕೋಡನ್ನು ಕಾಪಾಡುವ ಹೊಣೆ ಹೊತ್ತ ಅದರದೇ ಮೇಂಟೇನರ್‌ಗಳಿರುತ್ತಾರೆ. ಉತ್ಸಾಹದ ವರ್ಷಗಳಲ್ಲಿ ಯೋಜನೆಗಳು ಹತ್ತಾರಾದವು. ಎಲ್ಲವೂ ಒಂದೇ ದಿನ, ಒಂದೇ ಕಟ್ಟಾಗಿ ಬಿಡುಗಡೆಯಾಗಬೇಕೆಂಬ ಪದ್ಧತಿಯಿತ್ತು. ಒಂದು ಕಂಪನಿ ತನ್ನ ಆದ್ಯತೆಯನ್ನು ಬದಲಿಸಿ ಎಂಜಿನಿಯರುಗಳನ್ನು ಬೇರೆ ಕೆಲಸಕ್ಕೆ ಹಾಕಿತೆಂದುಕೊಳ್ಳಿ. ಅವರು ಬಿಟ್ಟುಹೋದ ಯೋಜನೆಯ ಕೋಡ್ ಹಾಗೇ ಉಳಿಯುತ್ತದೆ, ಉಳಿದೆಲ್ಲ ಯೋಜನೆಗಳಿಗೆ ಆಧಾರವಾದ ತಿರುಳಿನ ಭಾಗದಲ್ಲಿ ಇಂಟರ್‌ಫೇಸ್ ಬದಲಾದಾಗ ಅದು ಮುರಿಯುತ್ತದೆ, ಸರಿಪಡಿಸುವವರಿಲ್ಲ, ಇಡೀ ಬಿಡುಗಡೆ ಕಾಯುತ್ತದೆ. ಕೊನೆಗೆ ತಿರುಳಿನ ಕೆಲವೇ ಯೋಜನೆಗಳಲ್ಲಿರುವವರೇ ತಮ್ಮ ಕೆಲಸ ಬಿಟ್ಟು ಅಲ್ಲಿ ತೇಪೆ ಹಾಕಬೇಕಾಗುತ್ತದೆ. ಇದನ್ನು ಕಂಡ ಸಮುದಾಯ 2018ರ ಹೊತ್ತಿಗೆ ಪದ್ಧತಿಯನ್ನು ಬದಲಿಸಿತು. ಕಟ್ಟುನಿಟ್ಟಾದ ನಿಯಮಗಳಿಗೆ ಒಪ್ಪುವ ಯೋಜನೆಗಳು ಒಟ್ಟಾಗಿ ಬಿಡುಗಡೆಯಾಗುತ್ತವೆ; ಉಳಿದವು ಅದಾದ ಮೇಲೆ ತಮ್ಮ ವೇಗದಲ್ಲಿ, ತಮ್ಮ ಹೊಣೆಯಲ್ಲಿ ಹೊರಬರುತ್ತವೆ. ಪಟ್ಟಿ ಚಿಕ್ಕದಾಯಿತು. ಹೊರಗಿನಿಂದ ನೋಡಿದವರು ಇದನ್ನು ವೇದಿಕೆಯ ಇಳಿಗಾಲವೆಂದು ಬರೆದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಉಪಕರಣಗಳ ಸಂರಚನೆಯನ್ನು ಬದಲಿಸುವ ನೆಟ್‌ಕಾನ್ಫ್, ಓಪನ್‌ಫ್ಲೋ, ಬಿಜಿಪಿ ಮತ್ತು ದಾರಿ ಲೆಕ್ಕಹಾಕಲು ನೆರವಾಗುವ ಪಿಸೆಪ್ ಎಂಬ ಪ್ರೋಟೊಕಾಲ್‌ಗಳ ಭಾಗಗಳನ್ನು ದಿನವೂ ಬಳಸುವವರಿದ್ದರು, ಕಾಪಾಡುವವರೂ ಇದ್ದರು. ಇಬ್ಬರೂ ಇರುವ ಭಾಗ ಉಳಿಯಿತು. ಭವಿಷ್ಯದ ಯೋಜನೆಯೂ ಇದೇ ಅಳತೆಯನ್ನು ಮುಂಚಿತವಾಗಿ ಹಾಕಬೇಕು: ಬೇರೆ ಬೇರೆ ಸಂಸ್ಥೆಗಳ ಇಬ್ಬರಾದರೂ ಮೇಂಟೇನರ್‌ಗಳು ಹೆಸರು ಕೊಡದ ಯಾವ ಭಾಗವನ್ನೂ ತಿರುಳಿಗೆ ಸೇರಿಸಬಾರದು.

ಬಳಕೆದಾರರ ಕಣ್ಣಿಗೆ ಬೀಳದ ಕೆಲಸ ಎಷ್ಟಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಊಹಿಸುವುದಿಲ್ಲ. ಓಪನ್‌ಡೇಲೈಟ್ ಜಾವಾದಲ್ಲಿದೆ, ಅಪಾಚೆ ಕರಾಫ್ ಎಂಬ ಚೌಕಟ್ಟಿನ ಮೇಲೆ ಓಡುತ್ತದೆ. ಜಾವಾದ ದೀರ್ಘಾವಧಿ ಬೆಂಬಲದ ಆವೃತ್ತಿಗಳು 2018ರಲ್ಲಿ 11, 2021ರಲ್ಲಿ 17, 2023ರಲ್ಲಿ 21 ಎಂದು ಬರುತ್ತಿವೆ. ಒಂದೊಂದಕ್ಕೂ ಬದಲಾಗುವಾಗ ಅವಲಂಬಿಸಿದ ನೂರಾರು ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಮತ್ತೆ ಹೊಂದಿಸಬೇಕು. ಇದಕ್ಕಿಂತ ಕಠಿಣವಾದ ಪ್ರಸಂಗ 2022ರ ಸೆಪ್ಟೆಂಬರ್‌ನಲ್ಲಿ ಎದುರಾಯಿತು. ಯಂತ್ರಗಳ ಗುಂಪು ಪರಸ್ಪರ ಸಂದೇಶ ಕಳಿಸಲು ಓಪನ್‌ಡೇಲೈಟ್ ಅಕ್ಕಾ ಎಂಬ ಲೈಬ್ರರಿಯನ್ನು ಬಳಸುತ್ತಿತ್ತು. ಅದರ ಒಡೆತನ ಹೊಂದಿದ್ದ ಲೈಟ್‌ಬೆಂಡ್ ಕಂಪನಿ, ಮುಂದಿನ ಆವೃತ್ತಿಗಳಿಗೆ ಅಪಾಚೆ ಪರವಾನಗಿಯನ್ನು ಬಿಟ್ಟು, ಬಿಸಿನೆಸ್ ಸೋರ್ಸ್ ಲೈಸೆನ್ಸ್ ಎಂಬ ಪರವಾನಗಿಯನ್ನು ಅನ್ವಯಿಸಿತು. ವರ್ಷಕ್ಕೆ 2.5 ಕೋಟಿ ಡಾಲರಿಗಿಂತ ಹೆಚ್ಚು ಆದಾಯವಿರುವ ಸಂಸ್ಥೆಗಳು ಅದನ್ನು ನಿಜವಾದ ಕೆಲಸಕ್ಕೆ ಬಳಸಬೇಕಾದರೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಮೂರು ವರ್ಷಗಳಾದ ಮೇಲೆ ಆಯಾ ಆವೃತ್ತಿ ಮತ್ತೆ ಅಪಾಚೆ ಪರವಾನಗಿಗೆ ಬರುತ್ತದೆ. ಓಪನ್ ಸೋರ್ಸ್ ವೇದಿಕೆಯೊಂದು ಇಂಥ ಲೈಬ್ರರಿಯ ಹೊಸ ಆವೃತ್ತಿಗೆ ಹೋಗುವಂತಿಲ್ಲ, ಹಳೆಯ ಆವೃತ್ತಿಯಲ್ಲಿ ಬಹಳ ಕಾಲ ನಿಲ್ಲುವಂತೆಯೂ ಇಲ್ಲ. ಹಳೆಯ ಪರವಾನಗಿಯ ಕೋಡಿನಿಂದ ಕವಲೊಡೆದು ಅಪಾಚೆ ಪೆಕ್ಕೊ ಎಂಬ ಯೋಜನೆ ಹುಟ್ಟಿಕೊಂಡದ್ದರಿಂದ ಅನೇಕರಿಗೆ ದಾರಿ ಸಿಕ್ಕಿತು. ಆ ದಾರಿಯಲ್ಲಿ ಹೋಗುವುದೂ ಉಚಿತವಲ್ಲ: ಹೆಸರುಗಳು, ಸಂರಚನೆಯ ಕಡತಗಳು, ಡಿಸ್ಕ್ ಮೇಲೆ ಉಳಿಸಿದ ದತ್ತಾಂಶದ ಸ್ವರೂಪ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಮೂರು ವರ್ಷದ ಯೋಜನೆ ಬರೆಯುವಾಗ ತಿರುಳಿನ ಪ್ರತಿಯೊಂದು ಅವಲಂಬನೆಯ ಎದುರಿಗೆ ಅದರ ಒಡೆತನ ಯಾರದು, ಅವರು ಮನಸ್ಸು ಬದಲಿಸಿದರೆ ನಮ್ಮ ಮುಂದಿರುವ ಬದಲಿ ಏನು ಎಂದು ಬರೆದಿಡಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣದಿಂದ.

ಭದ್ರತೆಯ ಬಗ್ಗೆ ಒಂದೇ ಪ್ರಸಂಗ ಹೇಳುತ್ತೇನೆ. ಕಂಟ್ರೋಲರ್‌ನೊಳಗೆ ಇಡೀ ಜಾಲದ ಉಪಕರಣಗಳ ಪಾಸ್‌ವರ್ಡ್‌ಗಳಿರುತ್ತವೆ. 2014ರಲ್ಲಿ ಓಪನ್‌ಡೇಲೈಟ್‌ನ ನೆಟ್‌ಕಾನ್ಫ್ ಭಾಗದಲ್ಲಿ, ಎಕ್ಸ್‌ಎಂಎಲ್ ಸಂದೇಶದ ಮೂಲಕ ಕಂಟ್ರೋಲರ್ ಯಂತ್ರದ ಕಡತಗಳನ್ನು ಹೊರಗಿನವರು ಓದಲು ಅವಕಾಶ ಕೊಡುವ ದೋಷವೊಂದು ಬಹಿರಂಗವಾಯಿತು. ಸರಿಪಡಿಸಿದ ಕೋಡ್ ಹೊರಬರಲು ತಿಂಗಳುಗಳು ಹಿಡಿದವು. ದೋಷ ಕಷ್ಟದ್ದಾಗಿರಲಿಲ್ಲ, ವರದಿಯನ್ನು ತೆಗೆದುಕೊಂಡು ಹೊಣೆ ಹೊರುವ ವ್ಯವಸ್ಥೆ ಆಗ ಇರಲಿಲ್ಲ. ಅದಾದ ಮೇಲೆ ಭದ್ರತೆಗೆಂದೇ ಒಂದು ತಂಡ ಮತ್ತು ವಿಧಾನ ರೂಪುಗೊಂಡಿತು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ದೋಷ ಜಾವಾ ಬಳಸುವ ಇಡೀ ಜಗತ್ತನ್ನು ಕಂಗೆಡಿಸಿದಾಗ ಇಂಥ ತಂಡವಿದ್ದ ಯೋಜನೆಗಳಿಗೂ ಇಲ್ಲದವಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಕಂಡಿತು.

ಓನಾಸ್‌ನ ಚರಿತ್ರೆ ಬೇರೊಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಅದನ್ನು ಮೊದಲ ದಿನದಿಂದಲೇ ಯಂತ್ರಗಳ ಗುಂಪಿನಲ್ಲಿ ನಡೆಯುವಂತೆ ರೂಪಿಸಿದ್ದರು, ಅದರ ಕೋಡ್ ಓದಲು ಸ್ವಚ್ಛವಾಗಿತ್ತು, ವಿಶ್ವವಿದ್ಯಾಲಯಗಳಲ್ಲಿ ಬಹಳ ಬಳಕೆಯಾಯಿತು. 2019ರ ಹೊತ್ತಿಗೆ ಅದನ್ನು ಹೊತ್ತಿದ್ದ ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್, ಮೈಕ್ರೋ-ಓನಾಸ್ ಎಂಬ ಹೆಸರಿನಲ್ಲಿ ಮುಂದಿನ ಪೀಳಿಗೆಯನ್ನು ಆರಂಭಿಸಿತು: ಜಾವಾದ ಬದಲು ಗೋ ಭಾಷೆ, ಒಂದು ದೊಡ್ಡ ತಂತ್ರಾಂಶದ ಬದಲು ಅನೇಕ ಯಂತ್ರಗಳಲ್ಲಿ ಸೇವೆಗಳನ್ನು ನಡೆಸಿ ನೋಡಿಕೊಳ್ಳುವ ಕುಬರ್ನೆಟಿಸ್ ಮೇಲೆ ಓಡುವ ಸಣ್ಣ ಸಣ್ಣ ಸೇವೆಗಳು, ಹೊಸ ಸಂಪರ್ಕ ವಿಧಾನಗಳು. ತಾಂತ್ರಿಕವಾಗಿ ಪ್ರತಿಯೊಂದು ಆಯ್ಕೆಯನ್ನೂ ಸಮರ್ಥಿಸಬಹುದು, ಮತ್ತು ಮೊಬೈಲ್ ಜಾಲದ ರೇಡಿಯೊ ಭಾಗವನ್ನು ನಿಯಂತ್ರಿಸುವ ಕೆಲಸಕ್ಕೆ ಅದು ನಿಜವಾಗಿಯೂ ಬಳಕೆಯಾಯಿತು. ಆದರೆ ಹಳೆಯ ಓನಾಸ್ ಮೇಲೆ ಬರೆದಿದ್ದ ಅನ್ವಯಗಳು ಹೊಸದಕ್ಕೆ ಹಾಗೇ ಹೋಗುವಂತಿರಲಿಲ್ಲ, ಇದ್ದ ಕೈಗಳು ಎರಡು ಕಡೆ ಹಂಚಿಹೋದವು. 2023ರ ಡಿಸೆಂಬರ್‌ನಲ್ಲಿ ಆ ಫೌಂಡೇಶನ್‌ನ ಯೋಜನೆಗಳು ಲಿನಕ್ಸ್ ಫೌಂಡೇಶನ್‌ಗೆ ಸೇರಿದವು. ಹೊಸದಾಗಿ ಬರೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಹೊಸ ತಿರುಳು ಹಳೆಯ ಮಾದರಿಗಳಿಗೇ ಉತ್ತರ ಕೊಡುವಂತಿದ್ದು, ಒಂದೊಂದೇ ಭಾಗ ಬದಲಾಗುತ್ತ ಹೋದರೆ ಬಳಕೆದಾರ ಜೊತೆಯಲ್ಲೇ ಬರುತ್ತಾನೆ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಅವನ ಮುಂದೆ ಹೊಸ ಆಯ್ಕೆ ತೆರೆಯುತ್ತದೆ, ಅವನು ಬೇರೆ ತಂತ್ರಾಂಶವನ್ನೇ ಆರಿಸಿಕೊಳ್ಳಬಹುದು.

ಯಂತ್ರಾಂಶದ ಮೇಲಿನ ಅವಲಂಬನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ವಿಚ್‌ನ ಚಿಪ್ ಪೊಟ್ಟಣಗಳನ್ನು ಹೇಗೆ ಓದಬೇಕೆಂಬುದನ್ನೇ ಬರೆಯಲು ಬಿಡುವ ಪಿ4 ಭಾಷೆಯ ಪ್ರಸ್ತಾಪ 2014ರಲ್ಲಿ ಬಂತು. ಬೇರ್‌ಫೂಟ್ ಕಂಪನಿಯ ಟೊಫಿನೊ ಚಿಪ್ ಅದನ್ನು ನಿಜ ಮಾಡಿತು. 2019ರಲ್ಲಿ ಇಂಟೆಲ್ ಆ ಕಂಪನಿಯನ್ನು ಕೊಂಡಿತು. 2023ರ ಆರಂಭದಲ್ಲಿ ಆ ಚಿಪ್‌ನ ಮುಂದಿನ ಪೀಳಿಗೆಗಳ ಬೆಳವಣಿಗೆಯನ್ನು ನಿಲ್ಲಿಸಿತು. ಪಿ4 ಭಾಷೆ ಇಂದಿಗೂ ಜೀವಂತವಾಗಿದೆ, ನೆಟ್‌ವರ್ಕ್ ಕಾರ್ಡ್‌ಗಳಲ್ಲಿ, ತಂತ್ರಾಂಶದ ಸ್ವಿಚ್‌ಗಳಲ್ಲಿ ಬಳಕೆಯಾಗುತ್ತಿದೆ. ಆದರೆ ಒಂದೇ ಚಿಪ್ಪನ್ನು ನಂಬಿ ಯೋಜನೆ ಬರೆದವರು ಅದನ್ನು ಮತ್ತೆ ಬರೆಯಬೇಕಾಯಿತು.

ಇಷ್ಟನ್ನು ಹಿನ್ನೆಲೆಯಾಗಿಟ್ಟುಕೊಂಡು, ಮುಂದಿನ ಮೂರು ವರ್ಷಗಳ ಯೋಜನೆಯಲ್ಲಿ ನಾನೇನನ್ನು ಮೇಲಕ್ಕೆ ಇಡುತ್ತೇನೆ ಎಂದು ಈಗ ಹೇಳಬಹುದು. ಎಲ್ಲಕ್ಕಿಂತ ಮೊದಲು ನಿಲ್ಲಿಸದೆ ಮೇಲ್ದರ್ಜೆಗೇರಿಸುವುದು. ಮೂರು ಯಂತ್ರಗಳ ಗುಂಪಿನಲ್ಲಿ ಒಂದೊಂದನ್ನೇ ಹೊಸ ಆವೃತ್ತಿಗೆ ಬದಲಿಸುವಾಗ, ಹಳೆಯದೂ ಹೊಸದೂ ಕೆಲಹೊತ್ತು ಜೊತೆಯಲ್ಲಿರಬೇಕಾಗುತ್ತದೆ. ಅವು ಪರಸ್ಪರರ ಸಂದೇಶವನ್ನು ಅರ್ಥಮಾಡಿಕೊಳ್ಳಬೇಕು, ಡಿಸ್ಕ್ ಮೇಲಿನ ದತ್ತಾಂಶ ಎರಡಕ್ಕೂ ಓದಲು ಬರಬೇಕು. ಇದು ಭರವಸೆಯಿಂದ ನಡೆಯದ ಕಡೆ ನಿರ್ವಾಹಕರು ಹಳೆಯ ಆವೃತ್ತಿಯಲ್ಲೇ ವರ್ಷಗಟ್ಟಲೆ ನಿಲ್ಲುತ್ತಾರೆ, ಭದ್ರತೆಯ ತೇಪೆಗಳು ಅವರಿಗೆ ತಲುಪುವುದಿಲ್ಲ, ಆರು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಗಳೆಲ್ಲ ಅವರ ಪಾಲಿಗೆ ಇಲ್ಲದಂತೆಯೇ. ಆ ನಂತರ ಟೆಲಿಮೆಟ್ರಿ. ಕಂಟ್ರೋಲರ್ ಪ್ರತಿ ಉಪಕರಣವನ್ನೂ ಮತ್ತೆ ಮತ್ತೆ ಕೇಳುವ ಬದಲು, ಬದಲಾದಾಗ ಉಪಕರಣವೇ ಹೇಳುವಂತಿದ್ದರೆ ಎರಡು ವೃಕ್ಷಗಳ ಅಂತರ ಬೇಗ ತಿಳಿಯುತ್ತದೆ. ಜಿಎನ್‌ಎಂಐ ಮತ್ತು ಯಾಂಗ್-ಪುಶ್ ಎರಡೂ ಇದಕ್ಕೆ ಇರುವ ಗಟ್ಟಿಯಾದ ವಿಧಾನಗಳು. ಪ್ರೋಟೊಕಾಲ್‌ಗಳ ಸಂಖ್ಯೆ ಹೆಚ್ಚಿಸುವುದನ್ನು ನಾನು ಪಟ್ಟಿಯ ಕೊನೆಗೆ ತಳ್ಳುತ್ತೇನೆ.

ಕೃತಕ ಬುದ್ಧಿಮತ್ತೆಯನ್ನು ಕಂಟ್ರೋಲರ್‌ಗೆ ಜೋಡಿಸುವ ಪ್ರಸ್ತಾಪಗಳು ಈಗ ಎಲ್ಲ ಕಡೆ ಬರುತ್ತಿವೆ, ನೀವೂ ಕೇಳುತ್ತೀರಿ. ಎರಡು ವೃಕ್ಷಗಳನ್ನು ಓದಿ ಅಂತರದ ಕಾರಣವನ್ನು ಊಹಿಸಲು ಅದನ್ನು ಬಳಸುವುದರಲ್ಲಿ ನನಗೆ ಆಕ್ಷೇಪವಿಲ್ಲ. ಬಯಕೆಯ ವೃಕ್ಷಕ್ಕೆ ಅದು ಬರೆಯುವುದಾದರೆ, ಮನುಷ್ಯ ಬರೆದಾಗ ಹೇಗೋ ಹಾಗೆಯೇ ಯಾಂಗ್ ಮಾದರಿಯ ನಿರ್ಬಂಧಗಳಿಗೆ ಒಳಪಟ್ಟು, ದಾಖಲಾಗಿ, ಹಿಂತೆಗೆಯಲು ಬರುವ ರೀತಿಯಲ್ಲಿ ಬರೆಯಬೇಕು. ಅದಕ್ಕಾಗಿ ಬೇರೊಂದು ಒಳದಾರಿಯನ್ನು ತೆರೆಯಬಾರದು.

ಇದರಲ್ಲಿ ತುಮಕೂರಿನ, ಕೋಲಾರದ, ಚಿಕ್ಕಬಳ್ಳಾಪುರದ ಕಾಲೇಜುಗಳ ಪಾಲು ಏನು ಎಂದು ನೀವು ಕೇಳುವುದು ನ್ಯಾಯ. ಸ್ವಿಚ್‌ಗಳನ್ನು ಕೊಳ್ಳಲು ಹಣವಿಲ್ಲ ಎಂಬ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. 2010ರಿಂದ ಇರುವ ಮಿನಿನೆಟ್ ಎಂಬ ತಂತ್ರಾಂಶ ಒಂದೇ ಲ್ಯಾಪ್‌ಟಾಪಿನೊಳಗೆ ಸ್ವಿಚ್‌ಗಳನ್ನೂ ಕೊಂಡಿಗಳನ್ನೂ ಸೃಷ್ಟಿಸುತ್ತದೆ; ನಾನು ಹೇಳಿದ ನಾಲ್ಕು ಊರುಗಳ ಉಂಗುರವನ್ನು ಅದರಲ್ಲಿ ಕೆಲವೇ ಸಾಲುಗಳಲ್ಲಿ ಕಟ್ಟಿ, ಒಂದು ಕೊಂಡಿಯನ್ನು ಕಡಿದು, ಸಂಪರ್ಕ ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯಬಹುದು. ಓಪನ್‌ಡೇಲೈಟ್‌ನ ನೆಟ್‌ಕಾನ್ಫ್ ಯೋಜನೆಯಲ್ಲಿ ಟೆಸ್ಟ್‌ಟೂಲ್ ಎಂಬ ಉಪಕರಣವಿದೆ. ಅದು ಒಂದೇ ಯಂತ್ರದಲ್ಲಿ ಸಾವಿರಾರು ನೆಟ್‌ಕಾನ್ಫ್ ಉಪಕರಣಗಳಿರುವಂತೆ ನಟಿಸಬಲ್ಲದು. ಪ್ರಯೋಗಾಲಯದ ಮೂರು ಹಳೆಯ ಕಂಪ್ಯೂಟರುಗಳಲ್ಲಿ ಕಂಟ್ರೋಲರ್‌ನ ಗುಂಪನ್ನು ನಿಲ್ಲಿಸಿ, ನಾಲ್ಕನೆಯದರಲ್ಲಿ ಈ ಟೆಸ್ಟ್‌ಟೂಲ್ ಓಡಿಸಿ, ಐನೂರು, ಸಾವಿರ, ಎರಡು ಸಾವಿರ ಉಪಕರಣಗಳನ್ನು ಜೋಡಿಸುವಾಗ ಮೆಮೊರಿ ಎಷ್ಟು ಬೆಳೆಯುತ್ತದೆ, ನಾಯಕ ಯಂತ್ರವನ್ನು ನಿಲ್ಲಿಸಿದರೆ ಉಪಕರಣಗಳು ಮತ್ತೆ ಕೂಡಿಕೊಳ್ಳಲು ಎಷ್ಟು ಸಮಯ ಬೇಕು, ಈ ಎರಡು ಅಂಕಿಗಳು ಹಿಂದಿನ ಆವೃತ್ತಿಗಿಂತ ಹೆಚ್ಚಾಗಿವೆಯೇ ಕಡಿಮೆಯಾಗಿವೆಯೇ ಎಂಬುದನ್ನು ದಾಖಲಿಸಬಹುದು. ಕೋಡ್ ಬರೆಯುವವರಿಗೆ ಇದನ್ನು ಕ್ರಮವಾಗಿ ಮಾಡಲು ಬಿಡುವಿರುವುದಿಲ್ಲ, ಕಂಪನಿಗಳು ತಮ್ಮ ಅಂಕಿಗಳನ್ನು ಹೊರಗೆ ಹಂಚಿಕೊಳ್ಳುವುದು ಕಡಿಮೆ. ಯಾವ ಜಾವಾ, ಎಷ್ಟು ಮೆಮೊರಿ, ಯಾವ ಆವೃತ್ತಿ ಎಂಬ ವಿವರಗಳೊಡನೆ ಬರುವ ಇಂಥ ವರದಿಯನ್ನು ಮೇಂಟೇನರ್‌ಗಳು ಗಂಭೀರವಾಗಿ ಓದುತ್ತಾರೆ. ಕೋಡಿನ ಬದಲಾವಣೆಗಳನ್ನು ಅವರು ಗೆರಿಟ್ ಎಂಬ ಪರಿಶೀಲನಾ ವ್ಯವಸ್ಥೆಯಲ್ಲಿ ಸ್ವೀಕರಿಸುತ್ತಾರೆ. ನಿಮ್ಮ ಪರೀಕ್ಷೆಯ ಕೋಡನ್ನೂ ಅಲ್ಲಿಗೇ ಕಳಿಸಬಹುದು. ಕಳಿಸುವ ಹೊತ್ತನ್ನು ಮಾತ್ರ ನೋಡಿಕೊಳ್ಳಿ: ಮುಂದಿನ ಆವೃತ್ತಿಯ ಕೋಡ್ ಫ್ರೀಜ್‌ಗೆ, ಅಂದರೆ ಹೊಸ ಬದಲಾವಣೆಗಳನ್ನು ನಿಲ್ಲಿಸುವ ದಿನಕ್ಕೆ, ಕೆಲವು ವಾರಗಳ ಮೊದಲು ಅಂಕಿಗಳು ತಲುಪಿದರೆ ಅದೇ ಆವೃತ್ತಿಯಲ್ಲಿ ತಿದ್ದುಪಡಿಗೆ ಅವಕಾಶವಿರುತ್ತದೆ, ತಡವಾದರೆ ಮುಂದಿನ ಬಿಡುಗಡೆಯವರೆಗೆ ಕಾಯಬೇಕಾಗುತ್ತದೆ.